ಅಸಿಟ್ರಾಂ ತೆಗೆದುಕೊಳ್ಳುವವರು ಸೊಪ್ಪು ಪೂರ್ತಿ ಬಿಡಬೇಕಾ? ಅಮ್ಮನ ಐಎನ್‌ಆರ್ ಒಂದು ಕಡೆ ನಿಲ್ಲುತ್ತಿಲ್ಲ

ತುಮಕೂರಿನ ಮಗಳು
ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 56 ವರ್ಷ. ಚಿಕ್ಕವರಿದ್ದಾಗ ಬಂದಿದ್ದ ಕೀಲುನೋವಿನ ಜ್ವರ ಹೃದಯದ ವಾಲ್ವ್ ಹಾಳು ಮಾಡಿತ್ತಂತೆ. ನಮಗೆ ಗೊತ್ತಾಗಿದ್ದು ಹೋದ ವರ್ಷ, ಮೆಟ್ಟಿಲು ಹತ್ತುವಾಗ ಏದುಸಿರು ಬರಲು ಶುರುವಾದ ಮೇಲೆ. ನಾಲ್ಕು ತಿಂಗಳ ಹಿಂದೆ ಮೈಟ್ರಲ್ ವಾಲ್ವ್ ತೆಗೆದು ಮೆಟಲ್ ವಾಲ್ವ್ ಹಾಕಿದರು. ಅವತ್ತಿನಿಂದ ರಕ್ತ ತೆಳು ಮಾಡುವ ಅಸಿಟ್ರಾಂ ಮಾತ್ರೆ. ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತೆ ಅಂತ ತೋರಿಸುವ ಟೆಸ್ಟಿನ ಅಂಕಿ; ಕಮ್ಮಿಯಾದರೆ ಹೆಪ್ಪಿನ ಭಯ, ಜಾಸ್ತಿಯಾದರೆ ರಕ್ತಸ್ರಾವದ ಭಯ) 2.5ರಿಂದ 3.5ರ ಒಳಗೆ ಇರಬೇಕು ಅಂದಿದ್ದಾರೆ.

ಡಿಸ್ಚಾರ್ಜ್ ದಿನ ಕೊಟ್ಟ ಚೀಟಿಯಲ್ಲಿ ‘ಹಸಿರು ಸೊಪ್ಪು ಬೇಡ’ ಅಂತ ಒಂದೇ ಸಾಲು ಬರೆದಿತ್ತು. ಅಮ್ಮ ಹುಟ್ಟಿದಾಗಿನಿಂದ ಮುದ್ದೆ, ಸೊಪ್ಪಿನ ಸಾರು ತಿಂದು ಬೆಳೆದವರು. ಆದರೂ ಬಿಟ್ಟರು. ಎರಡು ತಿಂಗಳು 2.9ರ ಆಸುಪಾಸಿನಲ್ಲಿತ್ತು. ಆಮೇಲೆ ಹಬ್ಬಕ್ಕೆ ತವರಿಗೆ ಹೋದರು. ಒಂದು ವಾರ ಮಸ್ಸೊಪ್ಪು, ನುಗ್ಗೆಸೊಪ್ಪಿನ ಪಲ್ಯ, ಬಸ್ಸಾರು. ವಾಪಸ್ ಬಂದಾಗ 1.6! ಡೋಸ್ ಜಾಸ್ತಿ ಮಾಡಿದರು. ಅಮ್ಮ ಹೆದರಿ ಒಗ್ಗರಣೆಯ ಕರಿಬೇವನ್ನೂ ಆರಿಸಿ ಪಕ್ಕಕ್ಕಿಡಲು ಶುರು ಮಾಡಿದರು. ಊಟವೇ ಅರ್ಧವಾಯಿತು. ಮೊನ್ನೆ ಬೆಳಗ್ಗೆ ಹಲ್ಲುಜ್ಜುವಾಗ ವಸಡಿನಿಂದ ರಕ್ತ. ಟೆಸ್ಟ್ ಮಾಡಿಸಿದರೆ 5.2. ಡಾಕ್ಟರ್ ಎರಡು ದಿನ ಮಾತ್ರೆ ನಿಲ್ಲಿಸಿ, ಡೋಸ್ ಇಳಿಸಿ ಮತ್ತೆ ಶುರು ಮಾಡಿಸಿದ್ದಾರೆ. ಶುಕ್ರವಾರ ಮತ್ತೆ ಟೆಸ್ಟ್.

ಒಬ್ಬರು ಸೊಪ್ಪು ವಿಷ ಅಂತಾರೆ, ಇನ್ನೊಬ್ಬರು ಏನೂ ಆಗಲ್ಲ ಅಂತಾರೆ. ಈ ಮಾತ್ರೆ ಜೀವನಪೂರ್ತಿ. ಹಾಗಾದರೆ ಅಮ್ಮ ಜೀವನಪೂರ್ತಿ ಸೊಪ್ಪು ಮುಟ್ಟಬಾರದಾ? ಅನುಭವ ಇರುವವರು ಹೇಳಿ.

ರಾಗಿಮುದ್ದೆ ಮಂಡ್ಯ
ಸುಮ್ನೆ ಹೆದರಬೇಡಿ. ನಮ್ಮಪ್ಪ ಸ್ಟೆಂಟ್ ಹಾಕಿಸಿಕೊಂಡು ಏಳು ವರ್ಷ ಆಯಿತು. ರಕ್ತ ತೆಳು ಮಾಡೋ ಮಾತ್ರೆ ದಿನಾ ತಗೋತಾರೆ, ದಿನಾ ಸೊಪ್ಪು ತಿಂತಾರೆ. ಏನೂ ಆಗಿಲ್ಲ.

ವಾಲ್ವ್ 2006
ರಾಗಿಮುದ್ದೆ ಅವರೇ, ನಿಮ್ಮ ತಂದೆ ತಗೊಳ್ಳೋದು ಇಕೋಸ್ಪ್ರಿನ್, ಕ್ಲೋಪಿಡೋಗ್ರೆಲ್ ತರಹದ ಮಾತ್ರೆ ಇರಬೇಕು, ನೋಡಿ ಹೇಳ್ತೀರಾ?

ರಾಗಿಮುದ್ದೆ ಮಂಡ್ಯ
ಹೌದು, ಎರಡೂ ಸೇರಿರೋ ಒಂದೇ ಕ್ಯಾಪ್ಸೂಲ್. ಯಾಕೆ?

ವಾಲ್ವ್ 2006
ಅದಕ್ಕೂ ಸೊಪ್ಪಿಗೂ ಸಂಬಂಧವೇ ಇಲ್ಲ. ಅವು ರಕ್ತದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳದ ಹಾಗೆ ನೋಡಿಕೊಳ್ಳುತ್ತವೆ. ಅಸಿಟ್ರಾಂ, ಅದರದೇ ಗುಂಪಿನ ವಾರ್ಫರಿನ್ ಕೆಲಸ ಮಾಡುವ ದಾರಿಯೇ ಬೇರೆ. ನಮ್ಮ ಲಿವರ್ ರಕ್ತ ಹೆಪ್ಪುಗಟ್ಟಿಸುವ ಕೆಲವು ಅಂಶಗಳನ್ನು ತಯಾರಿಸಲು ವಿಟಮಿನ್ ಕೆ ಬಳಸುತ್ತದೆ. ಈ ಮಾತ್ರೆ ಆ ವಿಟಮಿನ್ ಕೆಲಸಕ್ಕೆ ಸಿಗದ ಹಾಗೆ ತಡೆಯುತ್ತದೆ. ಸೊಪ್ಪಿನಲ್ಲಿ ಅದೇ ವಿಟಮಿನ್ ತುಂಬಿದೆ. ಜಗಳ ಇರುವುದು ಅಲ್ಲಿ. ಎರಡನ್ನೂ ‘ರಕ್ತ ತೆಳು ಮಾಡೋ ಮಾತ್ರೆ’ ಅಂತಲೇ ಕರೆಯುತ್ತೇವೆ, ಅದಕ್ಕೇ ಈ ಗೊಂದಲ. ನಿಜ ಹೇಳಬೇಕೆಂದರೆ ರಕ್ತ ನೀರಾಗುವುದೂ ಇಲ್ಲ, ಹೆಪ್ಪುಗಟ್ಟುವುದು ನಿಧಾನವಾಗುತ್ತದೆ ಅಷ್ಟೇ.

ಈಗ ತುಮಕೂರಿನ ತಂಗಿಗೆ. ನನಗೆ 2006ರಲ್ಲಿ ವಾಲ್ವ್ ಹಾಕಿದರು, ಆಗ ನನಗೆ 31. ಊರು ಹಾಸನದ ಹತ್ತಿರ. ಮೊದಲ ಎರಡು ವರ್ಷ ನಿಮ್ಮಮ್ಮನ ಹಾಗೇ ಸೊಪ್ಪು ಪೂರ್ತಿ ಬಿಟ್ಟಿದ್ದೆ. ಎಲ್ಲಾದರೂ ಮದುವೆ ಊಟದಲ್ಲಿ ಒಂದು ದಿನ ತಿಂದರೆ ಸಾಕು, ಐಎನ್‌ಆರ್ ಧಡ್ ಅಂತ ಬೀಳುತ್ತಿತ್ತು. ಆಮೇಲೆ ಬೆಂಗಳೂರಿನಲ್ಲಿ ಒಬ್ಬ ಡಾಕ್ಟರಮ್ಮ ನನ್ನ ಹೆಂಡತಿಯನ್ನು ಕೂರಿಸಿಕೊಂಡು ಹೇಳಿದರು: ‘ನೋಡಮ್ಮಾ, ಸಾರಿಗೆ ಉಪ್ಪು ಹದ ನೋಡಿ ಹಾಕಿರ್ತೀಯ. ಆಮೇಲೆ ಯಾರೋ ಬಂದು ಒಂದು ಚೊಂಬು ನೀರು ಸುರಿದರೆ ಹದ ಕೆಡುತ್ತೆ ತಾನೇ? ಇವರು ದಿನಾ ಎಷ್ಟು ಸೊಪ್ಪು ತಿಂತಾರೆ ಅನ್ನೋದು ನೀರು. ನಾನು ಬರೆಯೋ ಡೋಸ್ ಉಪ್ಪು. ನೀರು ದಿನಾ ಒಂದೇ ಅಳತೆ ಇರಲಿ, ಉಪ್ಪು ನಾನು ನೋಡ್ಕೋತೀನಿ.’

ಅವತ್ತಿನಿಂದ ಇವತ್ತಿನವರೆಗೆ ವಾರಕ್ಕೆ ಮೂರು ದಿನ, ಒಂದು ಸಣ್ಣ ಬಟ್ಟಲು ಸೊಪ್ಪು. ಜಾಸ್ತಿ ಇಲ್ಲ, ಕಮ್ಮಿ ಇಲ್ಲ. ಐಎನ್‌ಆರ್ ಆಮೇಲೆ ಅಷ್ಟು ಕುಣಿದಿಲ್ಲ. ಆದರೆ ಶುರು ಮಾಡುವ ಮೊದಲು ಡಾಕ್ಟರಿಗೆ ಹೇಳಿಯೇ ಮಾಡಿ. ಈಗಿನ ಡೋಸ್ ಸೊಪ್ಪು ಇಲ್ಲದ ಊಟಕ್ಕೆ ಹೊಂದಿಸಿದ್ದು. ಊಟ ಬದಲಾದರೆ ಅದೂ ಬದಲಾಗಬೇಕು.

ಕುಂದಾಪ್ರ ಬಸಳೆ
ನಾವು ಬಸಳೆ ಇಲ್ಲದೆ ಬದುಕುವವರಲ್ಲ! ಮಳೆಗಾಲ ಬಂದರೆ ಪತ್ರೊಡೆ ಬೇರೆ, ಕೆಸುವಿನ ಎಲೆ. ನನ್ನ ಅತ್ತೆಗೆ ಎದೆಬಡಿತ ತಪ್ಪಿದ್ದಕ್ಕೆ ವಾರ್ಫರಿನ್ ಕೊಟ್ಟಿದ್ದರು. ಡಯೆಟಿಶಿಯನ್ ಹೇಳಿದ್ದು ಇಷ್ಟೇ: ಪಟ್ಟಿ ಮಾಡಿ ತಪ್ಪಿಸಿಕೊಂಡು ಓಡಾಡಬೇಡಿ, ಸೊಪ್ಪಿನ ಸೀಸನ್ ಬಂತು ಅಂತ ಒಂದೇ ಸಲ ಮೈಮೇಲೆ ಬೀಳಬೇಡಿ. ಪತ್ರೊಡೆ ಮಾಡಿದ ದಿನ ಅತ್ತೆಗೆ ಎರಡು ತುಂಡು, ಆ ವಾರ ಬಸಳೆ ಇಲ್ಲ.

ಕಡೂರು ಹುಡುಗ
ಬಸ್ಸಾರಿನಲ್ಲಿ ಸೊಪ್ಪು ಬಸಿದ ನೀರು ಮಾತ್ರ ಅಲ್ವಾ ಇರೋದು? ಅದು ತಿನ್ನಬಹುದಾ?

ಲ್ಯಾಬ್ ಮೇಷ್ಟ್ರು
ಒಳ್ಳೆ ಪ್ರಶ್ನೆ. ವಿಟಮಿನ್ ಕೆ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಬೇಯಿಸಿದರೂ ಹೆಚ್ಚೇನೂ ನಾಶವಾಗುವುದಿಲ್ಲ. ಹಾಗಾಗಿ ಬಸಿದ ನೀರಿಗಿಂತ ಪಲ್ಯದಲ್ಲೇ ಜಾಸ್ತಿ ಉಳಿಯುತ್ತದೆ. ಆದರೆ ಬಸ್ಸಾರಿನ ಖಾರಕ್ಕೆ ಒಂದು ಹಿಡಿ ಬೆಂದ ಸೊಪ್ಪು ಹಾಕಿ ರುಬ್ಬುತ್ತಾರಲ್ಲ, ಅದು ಲೆಕ್ಕಕ್ಕೆ ಬರುತ್ತದೆ.

ಇನ್ನೊಂದು. ಮೂಲಂಗಿ, ನವಿಲುಕೋಸು ತಿನ್ನಬಹುದಾ ಅಂತ ತುಂಬ ಜನ ಕೇಳುತ್ತಾರೆ. ಗೆಡ್ಡೆಯಲ್ಲಿ ಕೆ ತೀರಾ ಕಡಿಮೆ, ಅದರ ಸೊಪ್ಪಿನಲ್ಲಿ ಜಾಸ್ತಿ. ಸೋರೆ, ಹೀರೆ, ಬದನೆ, ಸಿಹಿಕುಂಬಳ, ಟೊಮೆಟೊ, ಬೇಳೆ, ರಾಗಿ, ಅಕ್ಕಿ ಇವುಗಳಿಗೆ ತಲೆಕೆಡಿಸಿಕೊಳ್ಳಬೇಡಿ. ಒಗ್ಗರಣೆಯ ನಾಲ್ಕು ಎಸಳು ಕರಿಬೇವು, ಮೇಲೆ ಉದುರಿಸಿದ ಕೊತ್ತಂಬರಿ ಇಂಥದ್ದರಿಂದ ಏನೂ ಆಗದು. ಕೊತ್ತಂಬರಿ ಚಟ್ನಿ ಬಟ್ಟಲುಗಟ್ಟಲೆ ತಿಂದರೆ ಅದು ಬೇರೆ ಮಾತು.

ಟೆಸ್ಟ್ ಬಗ್ಗೆಯೂ ಹೇಳುತ್ತೇನೆ, ಯಾಕೆಂದರೆ ನನ್ನ ಹೊಟ್ಟೆಪಾಡು ಅದೇ. ಪಿಟಿ-ಐಎನ್‌ಆರ್‌ಗೆ ನೀಲಿ ಮುಚ್ಚಳದ ಟ್ಯೂಬಿನಲ್ಲಿ ರಕ್ತ ತೆಗೆಯುತ್ತಾರೆ. ಅದರಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುವ ಸಿಟ್ರೇಟ್ ದ್ರವ ಇರುತ್ತದೆ. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್, ಅದೇ ಅಳತೆ. ಗೆರೆಯವರೆಗೆ ರಕ್ತ ತುಂಬಲಿಲ್ಲ ಅಂದರೆ ರಿಸಲ್ಟ್ ತಪ್ಪಾಗಿ ಜಾಸ್ತಿ ಬರಬಹುದು. ಎಷ್ಟೋ ಸಲ ಹೊರಗಡೆಯಿಂದ ಅರ್ಧ ತುಂಬಿದ ಟ್ಯೂಬ್ ಬರುತ್ತದೆ, ನಾವು ವಾಪಸ್ ಕಳಿಸುತ್ತೇವೆ. ಆದಷ್ಟು ಒಂದೇ ಲ್ಯಾಬಿನಲ್ಲಿ ಮಾಡಿಸಿ. ಸಂಖ್ಯೆ ವಿಚಿತ್ರವಾಗಿ ಬಂದರೆ ಮತ್ತೊಮ್ಮೆ ತೆಗೆಯಿರಿ ಅಂತ ಕೇಳಲು ಸಂಕೋಚ ಬೇಡ.

ಪ್ರಕೃತಿಯೇ ಗುರು
ಈ ಟೆಸ್ಟು, ಮಾತ್ರೆ ಎಲ್ಲ ಒಂದು ಚಕ್ರ, ಸಿಕ್ಕಿಹಾಕಿಕೊಂಡರೆ ಬಿಡೋದಿಲ್ಲ. ಬೆಳ್ಳುಳ್ಳಿ, ಅರಿಶಿನ, ಶುಂಠಿ ಎಲ್ಲವೂ ರಕ್ತ ತೆಳು ಮಾಡುತ್ತವೆ. ಬೆಳಗ್ಗೆ ಖಾಲಿ ಹೊಟ್ಟೆಗೆ ನಾಲ್ಕು ಎಸಳು ಬೆಳ್ಳುಳ್ಳಿ ಜಜ್ಜಿ ತಗೊಳ್ಳಲಿ. ನಿಧಾನಕ್ಕೆ ಮಾತ್ರೆ ಬಿಡಬಹುದು.

ವಾಲ್ವ್ 2006
ದಯವಿಟ್ಟು ಇಂಥದ್ದು ಬರೆಯಬೇಡಿ. ಮೆಟಲ್ ವಾಲ್ವ್ ಇರುವವರು ಮಾತ್ರೆ ಬಿಟ್ಟರೆ ಆ ಲೋಹದ ಎಲೆಯ ಮೇಲೆ ಹೆಪ್ಪು ಕೂರುತ್ತದೆ. ವಾಲ್ವ್ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಆ ಹೆಪ್ಪು ಕಿತ್ತು ಮಿದುಳಿಗೆ ಹೋಗುತ್ತದೆ. ನನ್ನ ಜೊತೆಯಲ್ಲೇ ಆಪರೇಷನ್ ಆದ ಒಬ್ಬರು ಯಾತ್ರೆಗೆ ಹೋದಾಗ ಹನ್ನೆರಡು ದಿನ ಮಾತ್ರೆ ಬಿಟ್ಟರು. ಚೆನ್ನಾಗೇ ಇದ್ದೀನಲ್ಲ ಅನ್ನಿಸಿತಂತೆ. ವಾಪಸ್ ಬಂದ ವಾರ ರಾತ್ರಿ ಉಸಿರು ಕಟ್ಟಿ ಆಸ್ಪತ್ರೆ ಸೇರಿದರು. ಅವರ ವಾಲ್ವಿನ ಟಿಕ್ ಟಿಕ್ ಸದ್ದು ಕೇಳಿಸುತ್ತಿಲ್ಲ ಅಂತ ಮೊದಲು ಗಮನಿಸಿದ್ದು ಅವರ ಹೆಂಡತಿ. ಮತ್ತೆ ಎದೆ ತೆರೆಯಬೇಕಾಯಿತು.

ಪ್ರಕೃತಿಯೇ ಗುರು
ಬೆಳ್ಳುಳ್ಳಿ ರಕ್ತ ತೆಳು ಮಾಡುವುದು ಸುಳ್ಳಾ ಹಾಗಾದರೆ?

ಔಷಧಿ ಅಂಗಡಿ
ಸುಳ್ಳಲ್ಲ ಸರ್, ಅದೇ ತೊಂದರೆ. ಅಡುಗೆಗೆ ಹಾಕುವ ಬೆಳ್ಳುಳ್ಳಿ, ಅರಿಶಿನ ಎಲ್ಲ ಸರಿ. ಆದರೆ ಔಷಧಿ ಅಂತ ಅಳತೆ ಮೀರಿ ತಗೊಂಡರೆ, ಬೆಳ್ಳುಳ್ಳಿ ಕ್ಯಾಪ್ಸೂಲ್, ಅರಿಶಿನದ ಸಾರದ ಕ್ಯಾಪ್ಸೂಲ್ ನುಂಗಿದರೆ, ಅಸಿಟ್ರಾಂ ಜೊತೆ ಸೇರಿ ರಕ್ತಸ್ರಾವ ಜಾಸ್ತಿ ಮಾಡಬಹುದು. ಮಾತ್ರೆಯ ಜಾಗದಲ್ಲಿ ಅದನ್ನೇ ತಗೊಳ್ಳುತ್ತೇವೆ ಅಂದರೆ ಹೆಪ್ಪು ತಡೆಯಲು ಅದರ ಶಕ್ತಿ ಸಾಲದು. ಎರಡೂ ಕಡೆಯಿಂದ ನಷ್ಟ. ಕಷಾಯ, ಲೇಹ್ಯ, ಪುಡಿ ಏನೇ ಇದ್ದರೂ ಡಾಕ್ಟರಿಗೆ ತೋರಿಸಿ ಶುರು ಮಾಡಿ.

ನಾನು ಇಪ್ಪತ್ತು ವರ್ಷದಿಂದ ಮೆಡಿಕಲ್ ಸ್ಟೋರ್ ಇಟ್ಟುಕೊಂಡಿದ್ದೇನೆ. ಸೊಪ್ಪಿಗಿಂತ ಜಾಸ್ತಿ ಹೆದರಿಕೆ ನನಗೆ ಬೇರೆ ಮಾತ್ರೆಗಳದ್ದು. ಎಲ್ಲರೂ ಪಾಲಕ್ ಬಗ್ಗೆ ಮಾತಾಡುತ್ತಾರೆ, ಜೇಬಿನಲ್ಲಿರುವ ಮಂಡಿನೋವಿನ ಮಾತ್ರೆ ಬಗ್ಗೆ ಯಾರೂ ಹೇಳುವುದಿಲ್ಲ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಇವು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ. ಅಸಿಟ್ರಾಂ ಇರುವವರಿಗೆ ಆ ಹುಣ್ಣಿನಿಂದ ರಕ್ತ ನಿಲ್ಲುವುದಿಲ್ಲ. ಭೇದಿ ಆಯಿತು ಅಂತ ತಾವೇ ಬಂದು ಮೆಟ್ರೊನಿಡಜೋಲ್ ಕೇಳುತ್ತಾರೆ. ಅದು ಐಎನ್‌ಆರ್ ಏರಿಸುತ್ತದೆ. ಫಂಗಸ್‌ಗೆ ಕೊಡುವ ಫ್ಲುಕೊನಜೋಲ್ ಕೂಡ ಹಾಗೇ. ಬಾಯಿಗೆ ಹಚ್ಚುವ ಮೈಕೊನಜೋಲ್ ಜೆಲ್ ಸಹ ಏರಿಸುತ್ತದೆ ಅಂದರೆ ನಂಬುವುದಿಲ್ಲ ಜನ. ಟಿಬಿಗೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್ ಉಲ್ಟಾ, ಐಎನ್‌ಆರ್ ಇಳಿಸುತ್ತವೆ. ಜ್ವರ, ಮೈಕೈ ನೋವಿಗೆ ಪ್ಯಾರಾಸಿಟಮಾಲ್ ವಾಸಿ. ಅದನ್ನೂ ದಿನಕ್ಕೆ ಮೂರು ನಾಲ್ಕು ಅಂತ ವಾರಗಟ್ಟಲೆ ನುಂಗಿದರೆ ಐಎನ್‌ಆರ್ ಏರುತ್ತದೆ.

ಅಂಗಡಿಗೆ ಬಂದಾಗ ಮೊದಲ ಮಾತು ‘ನಾನು ಅಸಿಟ್ರಾಂ ತಗೊಳ್ತೀನಿ’ ಅಂತಲೇ ಇರಲಿ. ಸ್ಟ್ರಿಪ್ ಕೈಗೆ ಬಂದ ಮೇಲೆ ಹೆಸರು ನೋಡಿ ಸುಮ್ಮನಾಗಬೇಡಿ, ಎಂಜಿ ನೋಡಿ. 1 ಬೇರೆ, 2 ಬೇರೆ, 4 ಬೇರೆ.

ತುಮಕೂರಿನ ಮಗಳು
ಅಣ್ಣಾ, ಮೈ ಜುಂ ಅಂತು. ಇದನ್ನು ಓದಿ ಈಗ ತಾನೇ ಅಮ್ಮನನ್ನು ಕೇಳಿದೆ. ತವರಿನಿಂದ ಬಂದ ಮೇಲೆ ಮಂಡಿನೋವಿಗೆ ಪಕ್ಕದ ಮನೆಯವರು ಕೊಟ್ಟ ಮಾತ್ರೆ ನಾಲ್ಕು ದಿನ ತಗೊಂಡಿದ್ದಾರಂತೆ! ಸ್ಟ್ರಿಪ್ ಸೀರೆ ಮಡಿಕೆಗಳ ನಡುವೆ ಇಟ್ಟಿದ್ದರು. ಡೈಕ್ಲೋಫೆನಾಕ್. ಸೊಪ್ಪು ಬಿಟ್ಟಿದ್ದಕ್ಕೇ 5.2 ಬಂತು ಅಂದುಕೊಂಡಿದ್ದೆವು.

ಔಷಧಿ ಅಂಗಡಿ
ಎಲ್ಲ ಸೇರಿ ಆಗಿರಬೇಕಮ್ಮ. ಡೋಸ್ ಏರಿತ್ತು, ಸೊಪ್ಪು ನಿಂತಿತು, ಊಟ ಕಡಿಮೆಯಾಯಿತು, ಮೇಲೆ ಈ ಮಾತ್ರೆ. ಶುಕ್ರವಾರದವರೆಗೆ ಕಾಯದೆ ನಾಳೆಯೇ ಡಾಕ್ಟರಿಗೆ ಫೋನ್ ಮಾಡಿ ಹೇಳಿ. ಮಲ ಕಪ್ಪಗೆ ಹೋಗುತ್ತಿದೆಯಾ ಅಂತಲೂ ಕೇಳಿ, ಅವರಾಗಿ ಹೇಳಲು ನಾಚಿಕೆ ಪಡುತ್ತಾರೆ.

ಅಡಿಕೆ ತೋಟ
ತೀರ್ಥಹಳ್ಳಿ ಕಡೆಯವನು. ನಮ್ಮ ಚಿಕ್ಕಪ್ಪನಿಗೂ ಅಸಿಟ್ರಾಂ. ಊಟ ಹೇಗೋ ಹೊಂದಿಸಿಕೊಂಡೆವು, ಇಂಬಳದ್ದೇ (ಜಿಗಣೆ) ಕಷ್ಟ. ಮಳೆಗಾಲದಲ್ಲಿ ತೋಟಕ್ಕೆ ಹೋಗಿ ಬಂದರು, ಬೆರಳ ಸಂದಿಯಲ್ಲಿ ಒಂದು ಇಂಬಳ. ಮಾಮೂಲಿ ಅಂತ ಕಿತ್ತು ಹಾಕಿ ಮಲಗಿದ್ದಾರೆ. ಬೆಳಗ್ಗೆ ನೋಡಿದರೆ ಕಂಬಳಿಯ ಒಂದು ಮೂಲೆ ಪೂರ್ತಿ ನೆನೆದಿತ್ತು. ಇಂಬಳದ ಎಂಜಲಿನಲ್ಲೇ ರಕ್ತ ಹೆಪ್ಪುಗಟ್ಟದಂತೆ ಮಾಡುವ ಹಿರುಡಿನ್ ತರಹದ ಅಂಶ ಇರುತ್ತದೆ. ಮೇಲೆ ಮಾತ್ರೆ. ಬಟ್ಟೆ ಒತ್ತಿ ಹಿಡಿದು, ಕಾಲು ಎತ್ತರಕ್ಕಿಟ್ಟು, ಒಂದು ಗಂಟೆ ಆದ ಮೇಲೆ ನಿಂತಿತು.

ಈಗ ಗಂಬೂಟು ಇಲ್ಲದೆ ತೋಟಕ್ಕೆ ಇಳಿಯುವುದಿಲ್ಲ. ಅಡಿಕೆ ಸುಲಿಯುವ ಮೆಟ್ಟುಗತ್ತಿ ಹತ್ತಿರ ಕೂರುವುದನ್ನೂ ಬಿಡಿಸಿದ್ದೇವೆ. ಅದೇ ಅವರಿಗೆ ಜಾಸ್ತಿ ಬೇಜಾರು. ಐವತ್ತು ವರ್ಷ ಸುಲಿದ ಕೈ.

ಕುಂದಾಪ್ರ ಬಸಳೆ
ಅಯ್ಯೋ, ಇಂಬಳದ ವಿಷಯ ಯಾರೂ ಹೇಳಿರಲಿಲ್ಲ. ನಮ್ಮ ಅತ್ತೆಗೂ ಹೇಳಬೇಕು. ಅವರು ಮೆಟ್ಟುಕತ್ತಿಯಲ್ಲೇ ತರಕಾರಿ ಹೆಚ್ಚುವುದು.

ಹುಬ್ಬಳ್ಳಿ ಸಿಸ್ಟರ್
ನಾನು ಸ್ಟಾಫ್ ನರ್ಸ್. ಎರಡು ಮಾತು ಗಟ್ಟಿಯಾಗಿ ಹೇಳಬೇಕು.

ಒಂದು, ಸೊಂಟದ ಇಂಜೆಕ್ಷನ್. ನಮ್ಮ ಹಳ್ಳಿಗಳಲ್ಲಿ ಜ್ವರ ಬಂದರೆ ಒಂದು ಸೂಜಿ ಚುಚ್ಚಿಸಿಕೊಂಡರೇನೇ ಸಮಾಧಾನ. ಅಸಿಟ್ರಾಂ ಇರುವವರು ಮಾಂಸಖಂಡಕ್ಕೆ ಇಂಜೆಕ್ಷನ್ ತಗೊಂಡರೆ ಒಳಗೇ ರಕ್ತ ತುಂಬಿಕೊಳ್ಳಬಹುದು. ಕುಂಡೆಯ ಒಂದು ಬದಿ ಪೂರ್ತಿ ನೀಲಿಗಟ್ಟಿ, ಮೂರು ದಿನ ಕೂರಲಾಗದೆ ಬಂದ ಅಜ್ಜನನ್ನು ನಾನೇ ನೋಡಿದ್ದೇನೆ. ‘ನನಗೆ ಸೂಜಿ ಬ್ಯಾಡ, ನಾನು ಈ ಮಾತ್ರೆ ತಗೋತೀನಿ’ ಅಂತ ಹೇಳಲು ಮನೆಯವರು ಕಲಿಸಬೇಕು. ಲಸಿಕೆ ಬೇರೆ ವಿಷಯ. ಐಎನ್‌ಆರ್ ಹದದಲ್ಲಿದ್ದರೆ ಸಣ್ಣ ಸೂಜಿಯಲ್ಲಿ ಕೊಟ್ಟು ಸ್ವಲ್ಪ ಹೊತ್ತು ಒತ್ತಿ ಹಿಡಿಯುತ್ತಾರೆ. ಅಲ್ಲಿಯೂ ಮೊದಲೇ ಹೇಳಿ.

ಎರಡು, ತಲೆಗೆ ಪೆಟ್ಟು. ಬಚ್ಚಲಲ್ಲಿ ಜಾರಿ ತಲೆ ಬಡಿದರೆ, ಗಾಯ ಇಲ್ಲದಿದ್ದರೂ, ಚೆನ್ನಾಗಿಯೇ ಮಾತಾಡುತ್ತಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಒಳಗಿನ ರಕ್ತಸ್ರಾವ ಗಂಟೆಗಳ ನಂತರ ಗೊತ್ತಾಗುತ್ತದೆ. ಕಪ್ಪು ಮಲ, ಕೆಂಪು ಮೂತ್ರ, ಹತ್ತು ನಿಮಿಷ ಒತ್ತಿ ಹಿಡಿದರೂ ನಿಲ್ಲದ ಮೂಗಿನ ರಕ್ತ, ಹಠಾತ್ ಜೋರು ತಲೆನೋವು, ಬಾಯಿ ಸೊಟ್ಟ ಆಗುವುದು, ಕೈ ಕಾಲು ಸೋಲುವುದು ಇವಕ್ಕೂ ಕಾಯಬೇಡಿ. ಬಚ್ಚಲಿಗೆ ಒಂದು ಹಿಡಿಕೆ ಹಾಕಿಸಿ, ಈ ವಾರವೇ.

ಹೊಸಪೇಟೆ
ಈಗ ಟೆಸ್ಟೂ ಬೇಡ, ಪಥ್ಯವೂ ಬೇಡ ಅನ್ನೋ ಹೊಸ ಮಾತ್ರೆಗಳು ಬಂದಿವೆಯಲ್ಲ? ಎಪಿಕ್ಸಾಬಾನ್, ಡಾಬಿಗಾಟ್ರಾನ್. ಅದಕ್ಕೆ ಬದಲಾಯಿಸಿಕೊಂಡರೆ ಮುಗಿಯಿತಲ್ಲ.

ವಾಲ್ವ್ 2006
ನಾನೂ ಆಸೆಯಿಂದ ಕೇಳಿದ್ದೆ. ಕಾಲಿನ ರಕ್ತನಾಳದ ಹೆಪ್ಪಿಗೆ, ಕೆಲವು ಬಗೆಯ ಎದೆಬಡಿತದ ತೊಂದರೆಗೆ ಅವು ಚೆನ್ನಾಗಿವೆ. ಮೆಟಲ್ ವಾಲ್ವ್ ಇರುವವರಿಗೆ ಕೊಡುವ ಹಾಗಿಲ್ಲ. ಡಾಬಿಗಾಟ್ರಾನ್ ಅನ್ನು ವಾಲ್ವ್ ಇರುವವರಲ್ಲಿ ಪರೀಕ್ಷಿಸಿ ನೋಡಿದರು. ಹೆಪ್ಪೂ ಜಾಸ್ತಿ, ರಕ್ತಸ್ರಾವವೂ ಜಾಸ್ತಿ ಆಗಿ ಆ ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಿದರು. ಕೀಲುಜ್ವರದಿಂದ ವಾಲ್ವ್ ಹಾಳಾಗಿ ಎದೆಬಡಿತ ತಪ್ಪಿದವರ ಮೇಲೆ ನಡೆದ ಇನ್ನೊಂದು ದೊಡ್ಡ ಅಧ್ಯಯನ 2022ರಲ್ಲಿ ಬಂತು. ಅಲ್ಲಿಯೂ ಹೊಸ ಮಾತ್ರೆ ರಿವರೊಕ್ಸಾಬಾನ್‌ಗಿಂತ ನಮ್ಮ ಹಳೆಯ ಗುಂಪಿನ ಮಾತ್ರೆಯೇ ಮೇಲಾಯಿತು. ಹಾಗಾಗಿ ನಮಗೆ ಇದೇ ಗತಿ, ಇದೇ ಆಸರೆ.

ಲೆಸ್ಟರ್ ಕನ್ನಡಿಗ
ಇಲ್ಲಿ ಇಂಗ್ಲೆಂಡಿನಲ್ಲಿ ವಾರ್ಫರಿನ್ ತಗೊಳ್ಳುವವರಿಗೆ ಒಂದು ಹಳದಿ ಪುಸ್ತಕ ಕೊಡುತ್ತಾರೆ. ಪ್ರತಿ ಸಲದ ಐಎನ್‌ಆರ್, ಡೋಸ್, ಮುಂದಿನ ಟೆಸ್ಟ್ ದಿನ ಅದರಲ್ಲಿ ಬರೆಯುತ್ತಾರೆ. ನನ್ನ ಹೆಂಡತಿ ಅದನ್ನು ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳುತ್ತಾಳೆ. ಊರಿಗೆ ಬಂದಾಗ ಮೊದಲ ವಾರವೇ ಟೆಸ್ಟ್ ಮಾಡಿಸುತ್ತೇವೆ, ಯಾಕೆಂದರೆ ಅಮ್ಮನ ಮನೆ ಊಟವೇ ಬೇರೆ. ಬೆರಳು ಚುಚ್ಚಿ ಮನೆಯಲ್ಲೇ ನೋಡುವ ಮೀಟರ್ ಕೂಡ ಇದೆ. ಸ್ಟ್ರಿಪ್ ದುಬಾರಿ.

ಹಳೇ ಪುಟ
ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. ಈ ಮಾತ್ರೆಗಳ ಕತೆ ಶುರುವಾಗಿದ್ದೇ ದನದ ಮೇವಿನಿಂದ. 1920ರ ದಶಕದಲ್ಲಿ ಅಮೆರಿಕ, ಕೆನಡಾದಲ್ಲಿ ಬೂಸ್ಟು ಹಿಡಿದ ಸ್ವೀಟ್ ಕ್ಲೋವರ್ ಹುಲ್ಲು ತಿಂದ ದನಗಳು ಕೊಂಬು ಕತ್ತರಿಸಿದರೆ ಸಾಕು, ರಕ್ತ ಸೋರಿ ಸಾಯುತ್ತಿದ್ದವು. 1933ರ ಚಳಿಗಾಲದಲ್ಲಿ ವಿಸ್ಕಾನ್ಸಿನ್‌ನ ಒಬ್ಬ ರೈತ ಸತ್ತ ಕಡಸು, ಹೆಪ್ಪುಗಟ್ಟದ ರಕ್ತ ತುಂಬಿದ ಡಬ್ಬ ಹೊತ್ತು ಹಿಮದಲ್ಲಿ ವಿಶ್ವವಿದ್ಯಾಲಯಕ್ಕೆ ಬಂದ. ಕಾರ್ಲ್ ಲಿಂಕ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ಹುಡುಕಿ ಆ ಹುಲ್ಲಿನಲ್ಲಿದ್ದ ಅಂಶವನ್ನು ಬೇರ್ಪಡಿಸಿದರು. ಅದೇ ದಾರಿಯಲ್ಲಿ ಹುಟ್ಟಿದ್ದು ವಾರ್ಫರಿನ್. 1948ರಲ್ಲಿ ಮೊದಲು ಇಲಿ ಪಾಷಾಣವಾಗಿ ಬಂತು, 1954ರಲ್ಲಿ ಮನುಷ್ಯರಿಗೆ ಔಷಧಿಯಾಯಿತು. ಮರುವರ್ಷ ಹೃದಯಾಘಾತವಾದ ಅಮೆರಿಕದ ಅಧ್ಯಕ್ಷ ಐಸನ್‌ಹೋವರ್‌ಗೂ ಇದನ್ನೇ ಕೊಟ್ಟರು.

ವಾಲ್ವ್ ಕತೆ ನಮ್ಮ ಪಕ್ಕದ್ದೇ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ತಯಾರಾದ ಚಿತ್ರಾ ವಾಲ್ವ್ ಅನ್ನು ಮೊದಲು ಹಾಕಿದ್ದು 1990ರ ಡಿಸೆಂಬರ್‌ನಲ್ಲಿ. ಹೊರದೇಶದ ವಾಲ್ವಿನ ಬೆಲೆ ಕೊಡಲಾಗದ ಎಷ್ಟೋ ಮನೆಗಳಿಗೆ ಅದು ಜೀವ ಕೊಟ್ಟಿದೆ.

ರಾಗಿಮುದ್ದೆ ಮಂಡ್ಯ
ಇಲಿ ಪಾಷಾಣ ಅಂತ ನಿಮ್ಮಮ್ಮನಿಗೆ ಮಾತ್ರ ಹೇಳಬೇಡಿ ಮೇಡಂ, ಮಾತ್ರೆಯನ್ನೇ ಬಿಟ್ಟುಬಿಟ್ಟಾರು.

ಹೊಸ ಗೃಹಿಣಿ
ಇಲ್ಲಿ ಕೇಳಬಹುದೋ ಇಲ್ಲವೋ ಗೊತ್ತಿಲ್ಲ. ನನಗೆ 26, ಎರಡು ವರ್ಷದ ಹಿಂದೆ ವಾಲ್ವ್ ಹಾಕಿದ್ದಾರೆ. ಮದುವೆಯಾಗಿ ಆರು ತಿಂಗಳು. ಮನೆಯಲ್ಲಿ ಮಗು ಬೇಕು ಅಂತಿದ್ದಾರೆ.

ಹುಬ್ಬಳ್ಳಿ ಸಿಸ್ಟರ್
ಕೇಳಿದ್ದು ತುಂಬಾ ಒಳ್ಳೆಯದಾಯಿತು ತಂಗಿ. ಗರ್ಭ ನಿಲ್ಲುವ ಮೊದಲೇ ಹೃದಯದ ಡಾಕ್ಟರ್, ಹೆರಿಗೆ ಡಾಕ್ಟರ್ ಇಬ್ಬರನ್ನೂ ಜೊತೆಯಲ್ಲಿ ಕಾಣಬೇಕು. ಮೊದಲ ಮೂರು ತಿಂಗಳಲ್ಲಿ ಈ ಮಾತ್ರೆ ಮಗುವಿಗೆ ತೊಂದರೆ ಮಾಡಬಹುದು. ಹಾಗಂತ ನೀನಾಗಿ ಬಿಟ್ಟರೆ ನಿನ್ನ ವಾಲ್ವಿಗೆ ಅಪಾಯ. ಹೆಪ್ಪು ತಡೆಯುವ ಹೆಪಾರಿನ್ ಇಂಜೆಕ್ಷನ್‌ಗೆ ಯಾವಾಗ ಬದಲಾಯಿಸಬೇಕು, ಬದಲಾಯಿಸಬೇಕೋ ಬೇಡವೋ ಎಲ್ಲ ಅವರೇ ನಿರ್ಧರಿಸಬೇಕು. ಮುಟ್ಟು ಒಂದು ವಾರ ತಡವಾದರೂ ಅದೇ ದಿನ ಗರ್ಭದ ಟೆಸ್ಟ್ ಮಾಡಿಕೋ. ಗಂಡನನ್ನೂ ಕರೆದುಕೊಂಡು ಹೋಗು.

ಹೊಸ ಗೃಹಿಣಿ
ಥ್ಯಾಂಕ್ಸ್ ಅಕ್ಕ. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ.

ಕಡೂರು ಹುಡುಗ
ಒಂದು ದಿನ ಮರೆತರೆ ಮರುದಿನ ಎರಡು ತಗೋಬೇಕಾ?

ಔಷಧಿ ಅಂಗಡಿ
ಬೇಡವೇ ಬೇಡ. ಅದೇ ದಿನ ನೆನಪಾದರೆ ತಗೊಳ್ಳಿ. ಮರುದಿನ ನೆನಪಾದರೆ ಹೋಗಿದ್ದು ಹೋಯಿತು, ಮಾಮೂಲಿ ಡೋಸ್ ಮಾತ್ರ. ಮರೆತ ದಿನ ಬರೆದಿಟ್ಟು ಡಾಕ್ಟರಿಗೆ ಹೇಳಿ.

ವಾಲ್ವ್ 2006
ನಮ್ಮ ಮನೆಯಲ್ಲಿ ಒಂದು ದಿನ 2, ಒಂದು ದಿನ 3 ಎಂಜಿ. ಅಡುಗೆಮನೆ ಕ್ಯಾಲೆಂಡರಿನಲ್ಲಿ ತಿಂಗಳ ಶುರುವಿನಲ್ಲೇ ಪ್ರತಿ ತಾರೀಕಿನ ಕೆಳಗೆ 2, 3, 2, 3 ಅಂತ ಬರೆದುಬಿಡುತ್ತೇವೆ. ಸಂಜೆ ಆರಕ್ಕೆ ನುಂಗಿದ ತಕ್ಷಣ ಸುತ್ತು ಹಾಕುತ್ತೇನೆ. ಸಂಜೆ ಯಾಕೆಂದರೆ ಬೆಳಗ್ಗೆ ರಕ್ತ ಕೊಟ್ಟರೆ ಮಧ್ಯಾಹ್ನ ರಿಪೋರ್ಟ್ ಬರುತ್ತದೆ, ಡೋಸ್ ಬದಲಾದರೆ ಅವತ್ತಿನಿಂದಲೇ ಬದಲಾಯಿಸಬಹುದು.

ತುಮಕೂರಿನ ಮಗಳು
ಎಲ್ಲರಿಗೂ ಅಪ್‌ಡೇಟ್. ಮರುದಿನವೇ ಡಾಕ್ಟರಿಗೆ ಫೋನ್ ಮಾಡಿ ಮಂಡಿನೋವಿನ ಮಾತ್ರೆ ವಿಷಯ ಹೇಳಿದೆ. ಕರೆಸಿ ನೋಡಿದರು, ಹೊಟ್ಟೆಗೆ ಮಾತ್ರೆ ಕೊಟ್ಟರು, ಮಲ ಪರೀಕ್ಷೆ ಮಾಡಿಸಿದರು. ರಕ್ತ ಇಲ್ಲ. ಶುಕ್ರವಾರದ ಐಎನ್‌ಆರ್ 3.1.

ಸೊಪ್ಪಿನ ವಿಷಯ ಕೇಳಿದೆ. ‘ಬೇಡ’ ಅಂತ ಬರೆದದ್ದು ಒಮ್ಮೆಲೇ ಜಾಸ್ತಿ ತಿನ್ನಬಾರದು ಅಂತ ಅಷ್ಟೇ, ವಿವರಿಸಿ ಹೇಳಬೇಕಿತ್ತು ಅಂದರು. ವಾರಕ್ಕೆ ಎರಡು ದಿನ, ಬುಧವಾರ ಮತ್ತು ಭಾನುವಾರ, ಒಂದೇ ಬಟ್ಟಲಿನಲ್ಲಿ ಅಳೆದು. ಮೊದಲ ಒಂದು ತಿಂಗಳು ವಾರವಾರ ಟೆಸ್ಟ್.

ಅಮ್ಮ ಬೀರುವಿನಿಂದ ನನ್ನ ಅನ್ನಪ್ರಾಶನದ ಬೆಳ್ಳಿ ಬಟ್ಟಲು ತೆಗೆದಿಟ್ಟಿದ್ದಾರೆ, ಅಳತೆಗೆ ಇದೇ ಇರಲಿ ಅಂತ. ಇವತ್ತು ಬುಧವಾರ. ದಂಟಿನಸೊಪ್ಪು ಬಿಡಿಸುತ್ತಾ ಕೂತಿದ್ದಾರೆ, ಟಿಕ್ ಟಿಕ್ ಇಲ್ಲಿಯವರೆಗೆ ಕೇಳಿಸುತ್ತಿದೆ.

ಲ್ಯಾಬ್ ಮೇಷ್ಟ್ರು
ಮುಂದಿನ ರಿಪೋರ್ಟ್ ಬಂದಾಗ ಇಲ್ಲೇ ಹಾಕಿ. ಟ್ಯೂಬ್ ಗೆರೆಯವರೆಗೆ ತುಂಬಿದೆಯಾ ನೋಡಿಕೊಳ್ಳಿ.